ಎರಡು ಕಪ್ಪೆಗಳ ಸಾಕ್ಷಿ

ಕಪ್ಪೆ ತುತ್ತು ನುಂಗುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ. ಗುಡ್ಡೆಗಳನ್ನು ಒಳಕ್ಕೆಳೆದುಕೊಂಡು, ಅವುಗಳಿಂದಲೇ ಗಂಟಲಿನ ತುತ್ತನ್ನು ಕೆಳಕ್ಕೆ ನೂಕುತ್ತದೆಂದು ಪ್ರಾಣಿಶಾಸ್ತ್ರ ವಿವರಿಸುತ್ತದೆ. ಕಣ್ಣು ಮುಚ್ಚಿ ನುಂಗುವ ಈ ವಿದ್ಯೆಯಲ್ಲಿ ನಮ್ಮ ಸಾರ್ವಜನಿಕ ಜೀವನದ ಅನೇಕ ಮಹನೀಯರೂ ಪಾರಂಗತರೆಂದು ನಾನು ತರಗತಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ತುರ್ತುಪರಿಸ್ಥಿತಿ ಆಗಷ್ಟೇ ಮುಗಿದು ಎಲ್ಲರೂ ಎಲ್ಲರನ್ನೂ ಪ್ರಶ್ನಿಸತೊಡಗಿದ್ದ ಕಾಲವದು. ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಪದವಿಯನ್ನೂ ಉತ್ತರದಾಯಿತ್ವವೆಂಬ ಪದವನ್ನೂ ಒಟ್ಟಿಗೆ ಹೊತ್ತುಕೊಂಡು ಕಡೂರಿನ ಕಾಲೇಜೊಂದಕ್ಕೆ ತಾತ್ಕಾಲಿಕ ಅಧ್ಯಾಪಕನಾಗಿ ಬಂದಿದ್ದ ನಾನು, ಕಂಡಕಂಡವರಿಗೆಲ್ಲ ಲಿಖಿತ ಮನವಿ ಸಲ್ಲಿಸುತ್ತಿದ್ದೆ. ನನ್ನ ಎಡಬಲ ಕೃತಾಗಳ ನಡುವಣ ಅಸಮಾನತೆಯನ್ನು ಕುರಿತು ಕ್ಷೌರದಂಗಡಿಯವನಿಗೂ ಮೂರಂಶಗಳ ಮನವಿಯೊಂದು ಹೋಗಿತ್ತೆಂದ ಮೇಲೆ ಉಳಿದದ್ದನ್ನು ನೀವೇ ಊಹಿಸಬಹುದು.

ಕಪ್ಪೆಗಳು ನನ್ನ ಪಾಲಿಗೆ ಬಂದದ್ದು ಆ ವರ್ಷದ ಪ್ರಾಯೋಗಿಕ ಪರೀಕ್ಷೆಯ ಪ್ರಸಾದವಾಗಿ. ಛೇದನಕ್ಕೆಂದು ಶಿವನಿಯ ಕಡೆಯಿಂದ ಒದ್ದೆ ಗೋಣಿಚೀಲದಲ್ಲಿ ರೈಲು ಹತ್ತಿ ಬಂದಿದ್ದ ಕಪ್ಪೆಗಳಲ್ಲಿ ಎರಡು, ದಡಕ್ಕಿಂತ ನೀರನ್ನೇ ಹೆಚ್ಚು ಬಯಸುವ ಸಣ್ಣ ಜಾತಿಯವು. ಗಾತ್ರ ಸಾಲದೆಂದು ಪರೀಕ್ಷಕರು ಅವನ್ನು ತಿರಸ್ಕರಿಸಿದರು. ಪರೀಕ್ಷೆಗೆ ಅನರ್ಹವಾದದ್ದರಿಂದಲೇ ಬದುಕಿದ ಜೀವಿಗಳನ್ನು ಕಂಡು, ಫೇಲಾದ ವಿದ್ಯಾರ್ಥಿಗಳ ಬಗೆಗೂ ನನಗೆ ಹೊಸ ಗೌರವ ಹುಟ್ಟಿತು. ನಾನು ನೀರಿಗೆ ಬಿಟ್ಟಿದ್ದ ಮರದ ತೇಲುದಿಮ್ಮಿಯ ಮೇಲೆ ಸದಾ ಸುಮ್ಮನೆ ಕುಳಿತಿರುತ್ತಿದ್ದ ದಪ್ಪನೆಯದಕ್ಕೆ ‘ಅಧ್ಯಕ್ಷ’ ಎಂದೂ, ಅದರ ಸುತ್ತ ಗಡಿಬಿಡಿಯಿಂದ ಈಜುತ್ತಿದ್ದ ಇನ್ನೊಂದಕ್ಕೆ ‘ಕಾರ್ಯದರ್ಶಿ’ ಎಂದೂ ಹೆಸರಿಟ್ಟೆ.

ಗಾಜಿನ ತೊಟ್ಟಿ ಮಾಡಿಸಲು ತರೀಕೆರೆಗೆ ಹೋಗಬೇಕಾಯಿತು. ಅಲ್ಲಿ ಮಿಠಾಯಿ ಅಂಗಡಿಗಳಿಗೆ ಗಾಜಿನ ಪೆಟ್ಟಿಗೆ ಮಾಡಿಕೊಡುವವನೊಬ್ಬ ನನ್ನ ಅಳತೆ ಬರೆದುಕೊಂಡು, “ಜಿಲೇಬಿ ಎಷ್ಟು ಸಾಲು ಜೋಡಿಸ್ತೀರ ಸಾ?” ಎಂದ. ಕಪ್ಪೆಗೆ ಎಂದಾಗ ಪೆನ್ಸಿಲನ್ನು ಕಿವಿಗೇರಿಸಿಕೊಂಡು ನನ್ನನ್ನು ಕೊಂಚ ಹೊತ್ತು ನೋಡಿ, “ಹಂಗಾದ್ರೆ ಮೇಲೆ ಜಾಲರಿ ಬೇಕು ಬುಡಿ, ಜಿಲೇಬಿಯಂಗೆ ಸುಮ್ಕೆ ಕುಂತ್ಕಳಾಕಿಲ್ಲ ಅವು” ಎಂದ. ಯಾವ ಪಠ್ಯಪುಸ್ತಕವೂ ಅಷ್ಟು ಅಡಕವಾಗಿ ಹೇಳಿರಲಿಲ್ಲ.

ನಾನಿದ್ದದ್ದು ಐದು ಮನೆಗಳ ವಠಾರದಲ್ಲಿ. ಒಡೆಯರಾದ ಮಲ್ಲಿಕಾರ್ಜುನಪ್ಪನವರು ಅಡಿಕೆ ವ್ಯಾಪಾರದಿಂದ ನಿವೃತ್ತರಾದ, ಲಿಂಗಪೂಜೆಯಾಗದೆ ನೀರು ಮುಟ್ಟದ ಹಿರಿಯರು. ಎರೆಹುಳು ತಿನ್ನುವ ಪ್ರಾಣಿ ವಠಾರಕ್ಕೆ ಬಂದಿತೆಂದು ಅವರು ಆಕ್ಷೇಪಿಸಿದಾಗ, ಕರಾರಿನಲ್ಲಿ ಮಾಂಸ ಬೇಯಿಸುವುದಕ್ಕೆ ಮಾತ್ರ ನಿಷೇಧವಿದೆಯೆಂದೂ, ನನ್ನ ಕಪ್ಪೆಗಳು ಹಸಿಯಾಗಿಯೇ ನುಂಗುತ್ತವೆಂದೂ ಪ್ರತಿಪಾದಿಸಿ ಗೆದ್ದೆ. ಪಕ್ಕದ ಮನೆಯಲ್ಲಿ ಬಸ್ ಕಂಡಕ್ಟರರ ಹೆಂಡತಿ ಗಿರಿಜಮ್ಮ; ಅವರ ಮೂರು ವರ್ಷದ ಮಗಳು ಶೈಲಾಗೆ ಆ ಮಳೆಗಾಲದಲ್ಲಿ ಎರಡು ಸಲ ವಾಂತಿಭೇದಿಯಾಗಿ, ಕೆನ್ನೆಗಳು ಒಳಸೇರಿದ್ದವು.

ಕಪ್ಪೆ ಸಾಕುವುದೆಂದರೆ ವಸ್ತುತಃ ನೀರು ಸಾಕುವುದು. ಅದು ಚರ್ಮದಿಂದಲೂ ಉಸಿರಾಡುವ ಜೀವಿಯಾದ್ದರಿಂದ ಸೋಪು ಹಚ್ಚಿದ ಕೈಯಿಂದ ಮುಟ್ಟಬಾರದು. ತಿಂದುಳಿದದ್ದನ್ನು ಕೊಳೆಯಲು ಬಿಡಬಾರದು. ವಾರಕ್ಕೊಮ್ಮೆ ಮೂರರಲ್ಲೊಂದು ಪಾಲು ನೀರು ಬದಲಿಸಬೇಕು. ಬ್ಲೀಚಿಂಗ್ ಪೌಡರ್ ಬೆರೆತ ನೀರಂತೂ ಅದಕ್ಕೆ ವಿಷ; ಅಗಲ ಬಾಯಿಯ ಪಾತ್ರೆಯಲ್ಲಿ ಎರಡು ದಿನ ತೆರೆದಿಟ್ಟ ಮೇಲೆಯೇ ಬಳಸಬೇಕು. ನಮ್ಮ ನಲ್ಲಿಗಳಿಗೆ ವಠಾರದ ಬಾವಿಯದೇ ನೀರು. ಪ್ರತಿ ಸೋಮವಾರ ಯಜಮಾನರು ಅದಕ್ಕೆ ಪೌಡರ್ ಹಾಕುತ್ತಿದ್ದರು. ಬಾವಿಕಟ್ಟೆಯ ಸುತ್ತ ವಿಭೂತಿ ಬಳಿದಂತೆ ಬಿಳಿ ಪಟ್ಟೆಗಳು ಮೂಡಿ, ಅಂಗಳವೆಲ್ಲ ಘಾಟು ಹಬ್ಬುತ್ತಿತ್ತು. ಆದ್ದರಿಂದ ನಾನು ಪುಸ್ತಕದ ಅಪ್ಪಣೆಯಂತೆ ಹಿತ್ತಾಳೆಯ ಕೊಳಗದಲ್ಲಿ ನೀರಿಟ್ಟು ಎರಡು ದಿನ ಕಾಯುತ್ತಿದ್ದೆ.

ಹೀಗಿರಲು ಪರೀಕ್ಷಾ ಮೇಲ್ವಿಚಾರಣೆಗೆಂದು ನಾನು ಮೂರು ದಿನ ಅಜ್ಜಂಪುರಕ್ಕೆ ಹೋಗಬೇಕಾಗಿ ಬಂತು. ಎರಡು ಪುಟಗಳ ಸೂಚನಾಪತ್ರದೊಡನೆ ಕಪ್ಪೆಗಳನ್ನು ಗಿರಿಜಮ್ಮನವರಿಗೆ ಒಪ್ಪಿಸಿದೆ. ಬುಧವಾರ ಮರಳಿ ಬಂದಾಗ ಅವರು ಸೆರಗಿನ ತುದಿ ತಿರುವುತ್ತಾ ಬಾಗಿಲಲ್ಲೇ ನಿಂತಿದ್ದರು.

“ಬೈಬೇಡಿ ಮೇಷ್ಟ್ರೇ. ಹುಳ ಹಿಡಿಯಕ್ಕೆ ಹೇಸಿಗೆ ಆಯ್ತು, ಒಂದ್ ಚೂರು ಉಪ್ಪಿಟ್ಟು ಹಾಕ್ದೆ. ನೀರು ಕದಡೋಯ್ತು. ಸೋಮವಾರ ಬೆಳಗ್ಗೆ ಯಜಮಾನ್ರು ಪೌಡರ್ ಹಾಕಿ ಹೋದ್ಮೇಲೆ ಎಲ್ಲಾ ಚೆಲ್ಲಿ, ನಲ್ಲಿ ನೀರು ತುಂಬಿಸ್ಬಿಟ್ಟೆ.”

ಓಡಿ ಹೋಗಿ ನೋಡಿದರೆ ಅಧ್ಯಕ್ಷರು ದಿಮ್ಮಿಯ ಮೇಲೆ ವಿರಾಜಮಾನರಾಗಿದ್ದರು. ಕಾರ್ಯದರ್ಶಿ ಎಂದಿನಂತೆ ಕಾರ್ಯಮಗ್ನ. ಪೌಡರ್ ತಗುಲಿದ ಗುರುತುಗಳಾವುವೂ ಇಲ್ಲ: ಹೊಟ್ಟೆಯ ಮೇಲೆ ಕೆಂಪಿಲ್ಲ, ಮೈಮೇಲೆ ಅತಿಯಾದ ಲೋಳೆಯಿಲ್ಲ. ಸಂತೋಷಪಟ್ಟು ಸುಮ್ಮನಾಗಬಹುದಿತ್ತು. ಆದರೆ ಸಂತೋಷವನ್ನೂ ವಿಚಾರಣೆಗೆ ಗುರಿಪಡಿಸುವ ವಯಸ್ಸು ನನ್ನದು. ಸೋಮವಾರದ ನೀರಿನಲ್ಲಿ ಕಪ್ಪೆ ಸೊಂಪಾಗಿದೆಯೆಂದರೆ ಆ ನೀರಿನಲ್ಲಿ ಪೌಡರಿಲ್ಲ. ಕಟ್ಟೆಯ ಸುತ್ತ ಕಾಣುವುದು ಬಾವಿಯೊಳಗೆ ಬಿದ್ದೇ ಇಲ್ಲ! ಅತ್ತ ಗೋಡೆಯಾಚೆ ಶೈಲಾ ವಾಂತಿಭೇದಿಯಿಂದ ಮೂರನೆಯ ಸಲ ಮಲಗಿದ್ದಳು.

ಮರುದಿನ ಸಂಜೆ ಅಂಗಳದಲ್ಲಿ ಐದೂ ಮನೆಯವರನ್ನು ಸೇರಿಸಿ ನಾನು ಮಾಡಿದ ಭಾಷಣ ಅರ್ಧ ಗಂಟೆಯದು. ಮನುಷ್ಯ ಸುಳ್ಳು ಹೇಳಬಹುದು, ಕಪ್ಪೆ ಹೇಳಲಾರದು ಎಂದು ಮುಗಿಸಿದೆ. ಮಲ್ಲಿಕಾರ್ಜುನಪ್ಪನವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದರು.

“ಅಲ್ಲ ಮೇಷ್ಟ್ರೇ, ಕಪ್ಪೆ ಚೆನ್ನಾಗೈತೆ ಅಂದ್ರೆ ನೀರು ಚೆನ್ನಾಗೈತೆ ಅಂತ ತಾನೇ?”

ಜನ ಗೊಳ್ಳೆಂದರು. ಆದರೆ ಗಿರಿಜಮ್ಮ ನಗಲಿಲ್ಲ. ಅವರ ಮುಖ ನೋಡಿದ ಯಜಮಾನರ ದನಿ ಬಿಗಿಯಾಯಿತು. “ಆಗ್ಲಿ. ಬರೋ ಸೋಮವಾರ ಹಾಕ್ತೀನಿ. ಹಾಕಿದ್ನೋ ಇಲ್ವೋ ಅಂತ ನಿಮ್ ಕಪ್ಪೆನೇ ಹೇಳ್ಲಿ. ಎಲ್ರೆದುರಿಗೂ ನಲ್ಲಿ ನೀರಿಗೆ ಬಿಡಿ!”

ವಠಾರ ಒಕ್ಕೊರಲಿನಿಂದ ಸಮ್ಮತಿಸಿತು. ಸಾಕ್ಷ್ಯ, ಸಾಕ್ಷ್ಯವೆಂದು ಕೂಗಿದವನು ನಾನೇ. ಈಗ ಸಾಕ್ಷಿಯ ಪ್ರಾಣವನ್ನೇ ಪಣಕ್ಕಿಡಬೇಕಾದವನೂ ನಾನೇ. ಉಳಿದ ದಿನಗಳನ್ನು ಅಧ್ಯಕ್ಷರಿಗೆ ಮಿಡತೆಗಳನ್ನು ಅತಿಯಾಗಿ ತಿನ್ನಿಸುತ್ತ ಕಳೆದೆ. ಅಪರಾಧಿ ಮನೋಭಾವದ ಆತಿಥ್ಯ ಯಾವಾಗಲೂ ಹಾಗೆಯೇ.

ಸೋಮವಾರ ಬೆಳಗ್ಗೆ ನಲ್ಲಿಯಿಂದ ಆಗಷ್ಟೇ ಹಿಡಿದ ಬಕೆಟ್ಟಿನ ಸುತ್ತ ವಠಾರವೆಲ್ಲ ನೆರೆಯಿತು. ಅಂಗಳವೇ ಘಾಟಾಗಿದ್ದುದರಿಂದ ಬಕೆಟ್ಟಿನ ವಾಸನೆ ಬೇರೆಯಾಗಿ ತಿಳಿಯುವಂತಿರಲಿಲ್ಲ. ಅಂಗೈಯಲ್ಲಿ ಅಧ್ಯಕ್ಷರ ಗಂಟಲು ಪುಟಪುಟನೆ ಮಿಡಿಯುತ್ತಿತ್ತು. ತರಗತಿಯಲ್ಲಿ ಹತ್ತಾರು ಕಪ್ಪೆಗಳನ್ನು ಕೊಯ್ದು ತೋರಿಸಿದ ಕೈ ಬಕೆಟ್ಟಿನ ಮೇಲೆ ಬಂದು ನಿಂತಿತು, ಮುಂದಕ್ಕೆ ಹೋಗಲೊಲ್ಲದು.

“ಬೇಡ ಬಿಡಿ ಮೇಷ್ಟ್ರೇ!” ಗಿರಿಜಮ್ಮ ಮುಂದೆ ಬಂದು ಬಕೆಟ್ಟನ್ನು ಕಾಲಿನಿಂದ ಉರುಳಿಸಿಬಿಟ್ಟರು. “ಇದು ಸತ್ರೆ ನನ್ ಮಗು ಬದುಕ್ತು, ಇದು ಬದುಕಿದ್ರೆ ನನ್ ಮಗು ಹೊಟ್ಟೆ ಕೆಡ್ತು. ಇದೆಂಥಾ ಲೆಕ್ಕ ಕಣ್ರೀ? ಬಾವಿ ಇಲ್ಲೇ ಐತೆ, ಕಣ್ಣು ನಮಗೂ ಅವೆ. ನಮ್ಮೆದುರಿಗೇ ಹಾಕ್ಲಿ.”

ಎಂ.ಎಸ್ಸಿ.ಯ ಎರಡು ವರ್ಷಗಳಲ್ಲಿ ಯಾರೂ ಸೂಚಿಸದಿದ್ದ ಪ್ರಯೋಗವಿಧಾನವಿದು: ಹೋಗಿ ನಿಂತು ನೋಡುವುದು. ಎಲ್ಲರೂ ಯಜಮಾನರತ್ತ ತಿರುಗಿದೆವು. ಅವರು ಡಬ್ಬಿ ತಂದರು, ಕಟ್ಟೆಯ ಬಳಿ ನಿಂತರು, ಬಾವಿಯೊಳಗೆ ಬಗ್ಗಿ ನೋಡಿದರು. ಡಬ್ಬಿ ಹಿಡಿದ ಕೈ ಕಟ್ಟೆಯ ಅಂಚಿನಲ್ಲೇ ತಡೆಯಿತು.

“ನಮ್ಮವ್ವ ಗಂಗಮ್ಮ ಅಂತ ಪೂಜೆ ಮಾಡಿದ ನೀರು ಇದು,” ಎಂದರು ತಗ್ಗಿದ ದನಿಯಲ್ಲಿ. “ಈ ಘಾಟನ್ನ ಒಳಕ್ಕೆ ಸುರಿಯಕ್ಕೆ ಕೈ ಬರಲ್ಲ ಮೇಷ್ಟ್ರೇ. ಅದ್ಕೇ ಸುತ್ತ ಚೆಲ್ತಿದ್ದೆ. ನಿಮಗೆ ಒಂದು ಕಪ್ಪೆಗೇ ಕೈ ಬರ್ಲಿಲ್ಲ...”

ವಂಚನೆಯ ಪ್ರಕರಣವೆಂದು ನಾನು ಸಿದ್ಧಪಡಿಸಿದ್ದ ಆರೋಪಪಟ್ಟಿ ನಿಂತಲ್ಲೇ ಕರಗಿತು. ನನ್ನ ಅಂಗೈಯಲ್ಲಿ ಇನ್ನೂ ಕಪ್ಪೆಯಿತ್ತು. ಆದರೆ ಶೈಲಾಳ ಕೆನ್ನೆ ಒಳಸೇರಿದ್ದಕ್ಕೆ ಅವರ ಭಕ್ತಿಯಾಗಲಿ ನನ್ನ ಕರುಣೆಯಾಗಲಿ ಉತ್ತರವಲ್ಲ. ಪ್ರೀತಿಯಿಂದ ಆಡಿದ ಸುಳ್ಳಿಗೂ ಯಾರೋ ತಮ್ಮ ಮೈಯಿಂದ ಬೆಲೆ ತೆರಬೇಕಾಗುತ್ತದೆ. ಹೆಚ್ಚಾಗಿ ಪ್ರಶ್ನಿಸಲು ಬಾರದ ವಯಸ್ಸಿನವರು.

“ಯಜಮಾನ್ರಿಗೆ ಕೈ ಬರಲ್ವಾ? ಹಂಗಾದ್ರೆ ಮೇಷ್ಟ್ರು ಹಾಕ್ಲಿ,” ಎಂದರು ಗಿರಿಜಮ್ಮ. ಮಲ್ಲಿಕಾರ್ಜುನಪ್ಪನವರು ಬಾವಿಗೆ ಬೆನ್ನು ಮಾಡಿ ನಿಂತು ಕೈ ಮುಗಿದರು. ಅಧ್ಯಕ್ಷರನ್ನು ತೊಟ್ಟಿಗೆ ಮರಳಿಸಿ, ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಕೆಳಗಿಳಿದು ತಿಳಿಯಾದ ಮೇಲೆ, ಆ ತಿಳಿಯನ್ನು ಕೊಡದಲ್ಲಿ ಇಳಿಬಿಟ್ಟು ನಾನು ಬಾವಿಗೆ ಬೆರೆಸಿದೆ. ಐದು ಮನೆಯ ಕಣ್ಣುಗಳು ನನ್ನ ಕೈಯ ಮೇಲಿದ್ದವು. ಪರಿಶೀಲಿಸುವವನಿಗಿಂತ ಪರಿಶೀಲನೆಗೆ ಒಳಗಾಗುವವನು ಎಷ್ಟು ಹೆಚ್ಚು ಬೆವರುತ್ತಾನೆಂಬುದು ಅಂದು ತಿಳಿಯಿತು.

ಮುಂದಿನ ವಾರಗಳಲ್ಲಿ ಶೈಲಾ ನನ್ನ ಮನೆಗೆ ಬಂದು ತೊಟ್ಟಿಯ ಗಾಜಿನ ಮೇಲೆ ಬೆರಳಿಟ್ಟು ಅಧ್ಯಕ್ಷರನ್ನು ಕೆಣಕುವಷ್ಟು ಚೇತರಿಸಿಕೊಂಡಳು. ನಾಲ್ಕನೆಯದೋ ಐದನೆಯದೋ ಸೋಮವಾರ, ಉತ್ತರಪತ್ರಿಕೆಗಳನ್ನು ತಿದ್ದಿ ದಣಿದಿದ್ದ ನಾನು, ಅಂದಿನಿಂದ ನನ್ನ ಪಾಲಿಗೇ ಬಂದಿದ್ದ ಪೌಡರಿನ ಕೆಲಸವನ್ನು ನಾಳೆ ಮಾಡಿದರಾಯಿತೆಂದು ಮಗ್ಗುಲು ಬದಲಿಸಿದೆ. ಯಾರೋ ಬಾಗಿಲನ್ನು ದಡದಡನೆ ಬಡಿದರು.

“ಏನ್ರೀ ಮೇಷ್ಟ್ರೇ, ಎಂಟಾಯ್ತು! ಕೇಳೋರ್ಯಾರೂ ಇಲ್ಲ ಅಂದ್ಕೊಂಡ್ರಾ?”

ಬಾಗಿಲು ತೆರೆದರೆ ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಗಿರಿಜಮ್ಮ; ಅವರ ಹಿಂದೆ, ಡಬ್ಬಿ ಹಿಡಿದು ಗಂಭೀರವಾಗಿ ನಿಂತ ಯಜಮಾನರು. ಸಮರ್ಥನೆಗೆ ಮೂರು ಅಂಶಗಳು ನಾಲಗೆಯ ತುದಿಗೆ ಬಂದವು. ಒಂದನ್ನೂ ಹೇಳದೆ, ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಕೈಗೆತ್ತಿಕೊಂಡೆ.