ಖಾಲಿ ಸೈಟಿನಲ್ಲಿ ಆಕೃತಿಗಳ ಪಾಠ

ಆ ವರ್ಷ ಒಂದನೇ ಮತ್ತು ಎರಡನೇ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸುವ ಕೆಲಸ ನನಗೆ ಬಿದ್ದಿತ್ತು. ಬೆಂಗಳೂರಿನ ಕೃಷ್ಣರಾಜಪುರದ ರೈಲು ನಿಲ್ದಾಣದಿಂದ ಒಳಗಿನ ರಸ್ತೆಗಳಲ್ಲಿ ನಡೆದರೆ ಸಿಗುವ ಸಣ್ಣ ಸರ್ಕಾರಿ ಶಾಲೆ ಅದು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಬಾಡಿಗೆ ರೂಮುಗಳಲ್ಲಿ ಇದ್ದವರ ಮಕ್ಕಳು. ಅರ್ಧ ಮಕ್ಕಳು ನನ್ನನ್ನು ‘ಮಿಸ್’ ಎನ್ನುತ್ತಿದ್ದರು, ಇನ್ನರ್ಧ ‘ಅಕ್ಕೋರೆ’ ಎನ್ನುತ್ತಿದ್ದರು. ನಾನು ದಾವಣಗೆರೆಯವಳು. ಎರಡಕ್ಕೂ ಓಗೊಡುತ್ತಿದ್ದೆ.

ಆಕೃತಿಗಳ ಪಾಠ ಶುರು ಮಾಡಿದಾಗ ಒಂದು ತೊಡಕು ಎದುರಾಯಿತು. ಬೋರ್ಡಿನ ಮೇಲೆ ಚೌಕ ಬರೆದರೆ ಎಲ್ಲರೂ ‘ಚೌಕ’ ಎಂದು ಕೂಗುತ್ತಿದ್ದರು. ಅದನ್ನೇ ಸ್ವಲ್ಪ ವಾರೆ ಮಾಡಿ, ಒಂದು ಮೂಲೆ ಕೆಳಗೆ ಬರುವಂತೆ ಬರೆದರೆ ಯಾರೂ ಒಪ್ಪುತ್ತಿರಲಿಲ್ಲ.

“ಅದು ಚೌಕ ಅಲ್ಲ ಮಿಸ್, ಗಾಳಿಪಟ.”

ಸ್ಲೇಟನ್ನು ಕೈಯಲ್ಲಿ ಹಿಡಿದು ಅವರ ಕಣ್ಣೆದುರೇ ತಿರುಗಿಸಿ ತೋರಿಸಿದೆ. ನೆಟ್ಟಗಿದ್ದಾಗ ಚೌಕ, ತಿರುಗಿಸಿದ ಕೂಡಲೇ ಗಾಳಿಪಟ. ತಲೆಕೆಳಗಾದ ತ್ರಿಭುಜಕ್ಕೂ ಅದೇ ಗತಿಯಾಯಿತು. ಅದನ್ನು ಅವರು ‘ಸಮೋಸ’ ಎಂದು ಕರೆದರು. ಕಣ್ಣಿನಿಂದ ಇದು ಆಗುವುದಿಲ್ಲ, ಕಾಲಿನಿಂದ ಆಗಬಹುದು ಎಂದು ನನಗನ್ನಿಸಿತು. ಆಕೃತಿಯನ್ನು ನೆಲದ ಮೇಲೆ ದೊಡ್ಡದಾಗಿ ಬರೆದು, ಅದರ ಗೆರೆಯ ಮೇಲೆ ಮಕ್ಕಳೇ ನಡೆದು ಬದಿಗಳನ್ನೂ ಮೂಲೆಗಳನ್ನೂ ಎಣಿಸಲಿ ಎಂದುಕೊಂಡೆ.

ಶಾಲೆಯ ಅಂಗಳದಲ್ಲಿ ಹೊಸ ಶೌಚಾಲಯಕ್ಕೆಂದು ಜಲ್ಲಿ, ಮರಳು ಸುರಿದಿದ್ದರು. ಕಾಲಿಡಲು ಜಾಗವಿರಲಿಲ್ಲ. ಆದರೆ ಪಕ್ಕದಲ್ಲೇ ಒಂದು ಖಾಲಿ ಸೈಟು ಇತ್ತು. ನಮ್ಮ ಹಿಂದಿನ ಗೇಟು ನೇರವಾಗಿ ಅಲ್ಲಿಗೇ ತೆರೆಯುತ್ತಿತ್ತು. ಮಕ್ಕಳು ಮೊದಲಿನಿಂದಲೂ ಅಲ್ಲೇ ಆಡುತ್ತಿದ್ದರು. ಅಣ್ಣತಮ್ಮಂದಿರಿಬ್ಬರ ನಡುವೆ ಆ ಸೈಟಿನ ಮೇಲೆ ಕೋರ್ಟಿನಲ್ಲಿ ವ್ಯಾಜ್ಯವಿರುವುದು ಬೀದಿಗೆಲ್ಲ ಗೊತ್ತಿತ್ತು. ಅಣ್ಣನದು ಮುಖ್ಯರಸ್ತೆಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ನೀರಿನ ಟ್ಯಾಂಕರು ಓಡಿಸುತ್ತಿದ್ದವನು ತಮ್ಮ. ಇಬ್ಬರೂ ಆ ಕಡೆ ತಲೆ ಹಾಕುತ್ತಿರಲಿಲ್ಲ.

ನಮ್ಮ ಮುಖ್ಯ ಶಿಕ್ಷಕಿ ಆ ಶಾಲೆಯಲ್ಲೇ ಕೂದಲು ಬೆಳ್ಳಗಾದವರು. ಕೇಳಿದ್ದಕ್ಕೆ, “ಅಲ್ಲೇ ಮಾಡಮ್ಮ, ಯಾರೂ ಏನೂ ಅನ್ನಲ್ಲ,” ಎಂದರು.

ಮಾರನೆಯ ದಿನ ಮಧ್ಯಾಹ್ನ ನಾಲ್ಕು ಗೂಟ, ಒಂದು ಉಂಡೆ ದಾರ, ಆಟದ ಮೈದಾನಕ್ಕೆ ಗೆರೆ ಹಾಕಲು ಇಟ್ಟಿದ್ದ ಸುಣ್ಣದ ಪುಡಿ ಎಲ್ಲವನ್ನೂ ತೆಗೆದುಕೊಂಡು ಹೋದೆವು. ದಾರದ ತುದಿಗಳನ್ನು ಮಕ್ಕಳು ಹಿಡಿದರು, ನಾನು ಸುಣ್ಣ ಸುರಿದೆ. ನಡುವೆ ಒಂದು ದೊಡ್ಡ ಆಯತ, ಅದರ ಪಕ್ಕ ವಾರೆಯಾದ ಚೌಕ, ನಮ್ಮ ಗೇಟಿನ ಮುಂದೆ ತ್ರಿಭುಜ. ಗೂಟಕ್ಕೆ ದಾರ ಕಟ್ಟಿ ಸುತ್ತು ಹಾಕಿ ವೃತ್ತ ಎಳೆದಾಗ ಮಕ್ಕಳು ಜಾದೂ ಕಂಡವರಂತೆ ಚಪ್ಪಾಳೆ ತಟ್ಟಿದರು. ಆಮೇಲೆ ಆಟ. ನಾನು ಒಂದು ಆಕೃತಿಯ ಹೆಸರು ಕೂಗಬೇಕು, ಎಲ್ಲರೂ ಅದರೊಳಗೆ ಓಡಬೇಕು. ‘ಮೂಲೆ’ ಎಂದರೆ ಮೂಲೆಗೊಬ್ಬರು ನಿಂತು, ನಾನು ಹೇಳುವ ತನಕ ಕದಲಬಾರದು. ಗಂಟೆ ಹೊಡೆಯುವಷ್ಟರಲ್ಲಿ ವಾರೆಯಾದ ಚೌಕವನ್ನು ಯಾರೂ ಗಾಳಿಪಟ ಎನ್ನುತ್ತಿರಲಿಲ್ಲ. ನನಗೆ ಆ ಸಂಜೆ ಬಹಳ ಖುಷಿಯಾಗಿತ್ತು. ನಾಳೆಯೂ ಬೇಕಾಗುತ್ತದೆಂದು ಗೂಟ, ದಾರಗಳನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆ.

ಬೆಂಗಳೂರಿನಲ್ಲಿ ಖಾಲಿ ಸೈಟಿನ ಮೇಲೆ ಗೂಟ, ದಾರ, ಸುಣ್ಣದ ಗೆರೆ ಕಂಡರೆ ಜನ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ: ಯಾರೋ ಪಾಯ ತೆಗೆಸುತ್ತಿದ್ದಾರೆ. ಆ ರಸ್ತೆಯಲ್ಲಿ ಹೋದ ಯಾರೋ ಒಬ್ಬ ಫೋನಿನಲ್ಲಿ ಫೋಟೋ ತೆಗೆದು ತಮ್ಮನಿಗೆ ಕಳಿಸಿದ್ದನಂತೆ. ಇದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ.

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಮಕ್ಕಳನ್ನು ಮತ್ತೆ ಸೈಟಿಗೆ ಕರೆದುಕೊಂಡು ಹೋದೆ. ಕೆಲವರನ್ನು ಚೌಕದ ಮೂಲೆಗಳಲ್ಲಿ ನಿಲ್ಲಿಸಿದ್ದೆ. ಅಷ್ಟರಲ್ಲಿ ಒಂದು ಜೀಪು ರಸ್ತೆಯಿಂದ ನೇರವಾಗಿ ಸೈಟಿನೊಳಗೇ ನುಗ್ಗಿ ನಿಂತಿತು. ತಮ್ಮ ಇಳಿದ. ಅವನ ಹಿಂದೆ ಮೂರು ನಾಲ್ಕು ಜನ. ಒಬ್ಬನ ಕೈಯಲ್ಲಿ ಗೋಣಿಚೀಲದಲ್ಲಿ ಸುತ್ತಿದ ಏನೋ ಇತ್ತು. ಆಯತದ ಗೂಟಕ್ಕೆ ತಮ್ಮ ಒದ್ದ. ಗೂಟ ಹಾರಿ ಒಂದು ಮಗುವಿನ ಕಾಲ ಬಳಿ ಬಿತ್ತು.

“ಯಾವನ್ರೀ ಇಲ್ಲಿ ಮಾರ್ಕಿಂಗ್ ಹಾಕಿದ್ದು?”

“ನಾನೇ ಸಾರ್. ನಾನು ಈ ಸ್ಕೂಲ್ ಟೀಚರ್.”

“ಯಾರು ಹೇಳಿ ಹಾಕ್ಸಿದ್ದು? ನಮ್ಮಣ್ಣ ತಾನೇ? ಹೆಂಗಸರು, ಮಕ್ಕಳನ್ನ ಮುಂದೆ ಬಿಟ್ಟು ಹಿಂದೆ ಪಾಯ ತೆಗೀತಾನಾ ಅವ್ನು?”

ಅವನ ಬಾಯಿಂದ ಬಂದ ಬೈಗುಳಗಳನ್ನು ಬರೆಯಲಾರೆ. ಇನ್ನೊಂದು ಗೂಟವನ್ನು ಕಿತ್ತು ಜೀಪಿನ ಮೇಲೆ ಎಸೆದ. ಮಕ್ಕಳು ಕಲ್ಲಾಗಿ ನಿಂತಿದ್ದರು. ನಾನು ಅವನ ಮುಂದೆ ಹೋಗಿ ನಿಂತೆ.

“ಸಾರ್, ದಯವಿಟ್ಟು ನೋಡಿ. ಇದು ಮಕ್ಕಳ ಪಾಠ. ಇದು ಆಯತ, ಅದು ತ್ರಿಭುಜ. ಅಲ್ಲಿ ನೋಡಿ, ವೃತ್ತ ಇದೆ. ಪಾಯಕ್ಕೆ ಯಾರಾದ್ರೂ ವೃತ್ತ ಎಳೀತಾರಾ?”

ಅವನು ತಿರುಗಿ ವೃತ್ತವನ್ನು ನೋಡಿದ. ಬಹಳ ಹೊತ್ತು ನೋಡಿದ ಹಾಗೆ ನನ್ನ ನೆನಪು. ಅವನ ಕಡೆಯವನೊಬ್ಬ ಕಿಸಕ್ಕೆಂದು ನಕ್ಕು, “ಹೌದಲ್ಲಣ್ಣ, ರೌಂಡ್ ಮನೆ ಯಾವನು ಕಟ್ತಾನೆ?” ಎಂದ. ತಮ್ಮನ ಹೆಗಲು ಸಡಿಲವಾಯಿತು. ಕೈಯಿಂದ ಮುಖ ಒರೆಸಿಕೊಂಡ.

“ಸ್ಕೂಲಿನೋರಾದ್ರೂ ಒಂದು ಮಾತು ಕೇಳಿ ಮಾಡ್ಬೇಕು ತಾನೇ ಮೇಡಂ. ಸರಿ, ಆ ದಾರ ಎಲ್ಲ ಕಿತ್ಕೊಳಿ,” ಎಂದು ಜೀಪಿನ ಕಡೆ ತಿರುಗಿದ.

ಆಗಲೇ ರಸ್ತೆಯ ಕಡೆಯಿಂದ ಬೈಕುಗಳ ಸದ್ದು ಕೇಳಿಸಿದ್ದು. ಜನ ಕಟ್ಟಿಕೊಂಡು ಸೈಟಿಗೆ ತಮ್ಮ ಬಂದಿದ್ದಾನೆಂದು ಯಾರೋ ಅಣ್ಣನ ಅಂಗಡಿಗೆ ಸುದ್ದಿ ಮುಟ್ಟಿಸಿದ್ದರು. ಅಣ್ಣ ಬಂದ, ಅವನ ಬೆಳೆದ ಮಗ ಬಂದ, ಅಂಗಡಿಯ ಆಳುಗಳು ಬಂದರು. ಮಾತೇ ಆಗಲಿಲ್ಲ. ಆ ಮಗ ಬೈಕಿನಿಂದ ಇಳಿದವನು ಓಡುತ್ತಲೇ ಬಂದು, ಕೈಯಲ್ಲಿದ್ದ ಕಬ್ಬಿಣದ ರಾಡನ್ನು ಚಿಕ್ಕಪ್ಪನ ಬೆನ್ನಿಗೆ ಬೀಸಿದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು ಬಂತು. ತಮ್ಮ ಮಂಡಿಯೂರಿ ಬಿದ್ದ. ಗೋಣಿಚೀಲ ಬಿಚ್ಚಿಕೊಂಡಿತು. ಒಳಗಿದ್ದದ್ದು ಮಚ್ಚುಗಳು.

ಒಬ್ಬರನ್ನೊಬ್ಬರು ಹಿಡಿದರು, ಒದ್ದರು, ಕಡಿದರು. ಆಯತದ ನಡುವೆ ಒಬ್ಬ ಅಂಗಾತ ಬಿದ್ದಿದ್ದ, ಅವನ ಎದೆಯ ಮೇಲೆ ಇನ್ನೊಬ್ಬ ಕೂತು ಮುಖಕ್ಕೆ ಗುದ್ದುತ್ತಿದ್ದ. ಸುಣ್ಣದ ಪುಡಿ ಎದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಮಕ್ಕಳು ಅವರ ಕಾಲುಗಳ ನಡುವೆ ಚದುರಿ ಹೋಗಿದ್ದರು. ಕೆಲವರು ಕಿರುಚುತ್ತಾ ರಸ್ತೆಯ ಕಡೆಗೆ, ಅಂದರೆ ಬೈಕುಗಳು ಬರುತ್ತಿದ್ದ ಕಡೆಗೇ ಓಡತೊಡಗಿದರು. ‘ಇಲ್ಲಿ ಬನ್ನಿ’ ಎಂದು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಆಗ ನನಗೇ ತಿಳಿಯದಂತೆ ಆಟದ ಧ್ವನಿಯಲ್ಲಿ, ಗಂಟಲು ಹರಿಯುವಂತೆ ಕೂಗಿದೆ.

“ತ್ರಿಭುಜ!”

ಅವರು ತಿರುಗಿದರು. ಹಿಂದಿನ ದಿನ ಓಡಿದಂತೆಯೇ, ಅಳುತ್ತಲೇ, ನಮ್ಮ ಗೇಟಿನ ಮುಂದಿನ ತ್ರಿಭುಜಕ್ಕೆ ಓಡಿ ಬಂದರು. ಅಲ್ಲಿ ಬಿಸಿಯೂಟದ ಅಡುಗೆ ಅಕ್ಕ ಗೇಟು ಹಿಡಿದು ನಿಂತಿದ್ದಳು. ಹಲಸೂರಿನ ತಮಿಳು ಮನೆಯವಳು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಒಳಗೆ ಎಸೆಯುತ್ತಿದ್ದಳು. “ಕಡವುಳೇ, ದೇವ್ರೇ, ಬಾ ಕಂದಾ, ಬಾ ಬಾ, ಆ ಕಡೆ ನೋಡ್ಬೇಡ!”

ಒಬ್ಬಳು ಬರಲಿಲ್ಲ. ಯಾದಗಿರಿ ಕಡೆಯಿಂದ ಆ ತಿಂಗಳಷ್ಟೇ ಸೇರಿದ್ದ ಹುಡುಗಿ. ನಾನು ನಿಲ್ಲಿಸಿದ್ದ ಚೌಕದ ಮೂಲೆಯಲ್ಲೇ ಎರಡೂ ಕೈ ಬಿಗಿ ಹಿಡಿದು ನಿಂತಿದ್ದಳು. ಅವಳಿಂದ ಮಾರು ದೂರದಲ್ಲಿ ಇಬ್ಬರು ಗಂಡಸರು ಒಂದೇ ರಾಡಿಗೆ ಜಗ್ಗಾಡುತ್ತಿದ್ದರು. ನಾನು ಓಡಿ ಹೋಗಿ ಅವಳನ್ನು ಎತ್ತಿಕೊಂಡೆ.

“ಬಾ ಅಂದ್ರೆ ಯಾಕೆ ಬರ್ಲಿಲ್ಲ?”

“ಮೂಲಿ ಬಿಟ್ಟು ಹೋಗಬ್ಯಾಡ ಅಂದಿದ್ರಲ್ರೀ ಅಕ್ಕೋರೆ.”

ಆ ಮಾತು ಮುಗಿಯುವಷ್ಟರಲ್ಲಿ ನನ್ನ ಎಡಗೈಗೆ ಏನೋ ಬಡಿಯಿತು. ನೋವು ಆಮೇಲೆ ಬಂತು. ಮೊದಲು ಕೇಳಿಸಿದ್ದು ಮೂಳೆ ಮುರಿದ ಸದ್ದು. ಮಗುವನ್ನು ಬಲಗೈಯಲ್ಲೇ ಅವುಚಿಕೊಂಡು ಗೇಟಿನೊಳಗೆ ಬಿದ್ದೆ. ಅಡುಗೆ ಅಕ್ಕ ಗೇಟು ಎಳೆದು ಚಿಲಕ ಹಾಕಿ ಬೀಗ ಒತ್ತಿದಳು. ಬೀಗದ ಕೈಯನ್ನು ಓಡಿ ಬಂದ ಮುಖ್ಯ ಶಿಕ್ಷಕಿಗೆ ಕೊಟ್ಟಳು.

ಮಕ್ಕಳನ್ನು ಕೋಣೆಗೆ ಅಟ್ಟುತ್ತಿದ್ದಾಗ ಹೊರಗಿನಿಂದ ಯಾರೋ ಗೇಟಿಗೆ ಬಂದು ಅಪ್ಪಳಿಸಿದರು. ತಗಡಿನ ಸಂದಿಯಲ್ಲಿ ನೋಡಿದರೆ, ಮೊದಲು ರಾಡು ಬೀಸಿದ್ದ ಅಣ್ಣನ ಮಗ. ಅವನ ಬಲಗೈಯ ಬೆರಳುಗಳಿದ್ದ ಜಾಗದಿಂದ ರಕ್ತ ಸುರಿಯುತ್ತಿತ್ತು.

“ಮಿಸ್! ತೆಗೀರಿ ಮಿಸ್! ನಾನು ಮಿಸ್, ನಿಮ್ ಸ್ಟೂಡೆಂಟು! ಸಾಯಿಸ್ತಾರೆ ಮಿಸ್!”

ಮುಖ್ಯ ಶಿಕ್ಷಕಿ ಅವನಿಗೆ ಅಕ್ಷರ ಕಲಿಸಿದ್ದರು. ಅವನ ಹಿಂದೆ ಮಚ್ಚು ಹಿಡಿದು ತಮ್ಮ ಬರುತ್ತಿದ್ದ. ಅವನ ಬೆನ್ನು ಒಂದು ಕಡೆಗೆ ವಾಲಿತ್ತು, ಮುಖವೆಲ್ಲ ಸುಣ್ಣ.

“ಬೇಡ ಮಿಸ್,” ಎಂದು ಅಡುಗೆ ಅಕ್ಕ ಮುಖ್ಯ ಶಿಕ್ಷಕಿಯ ಕೈ ಹಿಡಿದಳು. “ಒಳಗೆ ಮಕ್ಕಳಿದ್ದಾರೆ. ಅವನು ಬಂದ್ರೆ ಮಚ್ಚೂ ಬರತ್ತೆ.”

ನಾನೂ ಬೇಡ ಎಂದೆ. ಮುಖ್ಯ ಶಿಕ್ಷಕಿ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಬೀಗ ತೆಗೆದು, ಒಬ್ಬ ಮನುಷ್ಯ ನುಸುಳುವಷ್ಟು ಗೇಟು ಸರಿಸಿ, ಅವನ ಅಂಗಿಯ ಕಾಲರು ಹಿಡಿದು ಒಳಗೆಳೆದರು. ನಾವು ಮೂವರೂ ಗೇಟಿಗೆ ಬೆನ್ನು ಕೊಟ್ಟು ಮುಚ್ಚಿದೆವು. ಚಿಲಕ ಸಿಕ್ಕ ಕೂಡಲೇ ಮೊದಲ ಏಟು ಬಿತ್ತು. ತಗಡು ಗುಡುಗಿತು. ನನ್ನ ಬೆನ್ನಿಗೆ ಅದರ ಪೆಟ್ಟು ತಗಲಿತು. ಮತ್ತೆ ಬಿತ್ತು, ಮತ್ತೆ ಬಿತ್ತು. ಒಂದು ಏಟಿಗೆ ಮಚ್ಚಿನ ತುದಿ ತಗಡು ಸೀಳಿಕೊಂಡು ಮುಖ್ಯ ಶಿಕ್ಷಕಿಯ ಕಿವಿಯ ಪಕ್ಕ ಇಣುಕಿತು. ಕೋಣೆಯೊಳಗೆ ಮಕ್ಕಳು ಒಂದೇ ಸ್ವರದಲ್ಲಿ ಕಿರುಚುತ್ತಿದ್ದರು.

“ಹೊರಗೆ ಬಿಡ್ರೀ ಅವನ್ನ! ನಾನೇ ಎತ್ತಿ ಆಡ್ಸಿದೋನು ನಂಗೇ ಹೊಡೀತಾನಾ?” ಎಂದು ತಮ್ಮ ಹೊರಗೆ ಅರಚುತ್ತಿದ್ದ. ಅವನು ಅಳುತ್ತಲೂ ಇದ್ದ.

ಆಮೇಲೆ ಒಂದು ಏಟು ಬೇರೆ ಥರ ಕೇಳಿಸಿತು. ತಗಡಿನ ಮೇಲೆ ಬಿದ್ದದ್ದಲ್ಲ. ಹೊರಗೆ ಯಾರೋ ನೆಲಕ್ಕೆ ಕುಸಿದರು. ಸಂದಿಯಲ್ಲಿ ನೋಡಿದೆ. ತ್ರಿಭುಜದ ಗೆರೆಯ ಮೇಲೆ ತಮ್ಮ ಬಿದ್ದಿದ್ದ. ಅಣ್ಣ ಎರಡೂ ಕೈಯಲ್ಲಿ ಪಾಯ ಕಟ್ಟುವ ಸೈಜುಗಲ್ಲೊಂದನ್ನು ಹಿಡಿದು ಅವನ ಮೇಲೆ ನಿಂತಿದ್ದ. ಕಲ್ಲನ್ನು ಮತ್ತೆ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ತೆರೆದಾಗ ಸೈಟಿನಲ್ಲಿ ಓಡುವವರೆಲ್ಲ ಓಡಿ ಹೋಗಿದ್ದರು. ಅಣ್ಣ ಮಾತ್ರ ಕಲ್ಲಿನ ಪಕ್ಕ ಕೂತು ತಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪೊಲೀಸರು ಬಂದಾಗಲೂ ಹಾಗೆಯೇ ಕೂತಿದ್ದ.

ಆಸ್ಪತ್ರೆಯಲ್ಲಿ ತಮ್ಮ ತೀರಿಕೊಂಡ. ಅಣ್ಣನ ಮಗ ಉಳಿದ, ಬೆರಳುಗಳು ಉಳಿಯಲಿಲ್ಲ. ಪೊಲೀಸರು ಸುಣ್ಣದ ಗೆರೆಗಳನ್ನು ಎಲ್ಲ ಕಡೆಯಿಂದ ಫೋಟೋ ತೆಗೆದುಕೊಂಡರು. ಒಬ್ಬ ಅಧಿಕಾರಿ ವೃತ್ತವನ್ನು ತೋರಿಸಿ, “ಇದು ಯಾಕೆ ಮೇಡಂ?” ಎಂದು ಕೇಳಿದರು. ಒಂದು, ಎರಡನೇ ಕ್ಲಾಸಿನ ಪಾಠ ಎಂದು ಹೇಳಿದೆ. ಅವರು ಬರೆದುಕೊಂಡರು. ಕೇಸು ಇನ್ನೂ ನಡೆಯುತ್ತಿದೆ. ನಾನು ಸಾಕ್ಷಿಗಳಲ್ಲಿ ಒಬ್ಬಳು. ಅಣ್ಣನ ವಕೀಲರಿಗೆ ನನ್ನ ಅರ್ಧ ಮಾತು ಬೇಕು, ಸರ್ಕಾರದ ವಕೀಲರಿಗೆ ಉಳಿದರ್ಧ. ನಾನು ಪೂರ್ತಿ ಹೇಳಿದ್ದೇನೆ.

ಮಕ್ಕಳು ಬಹಳ ದಿನ ಶಾಲೆಗೆ ಬರಲಿಲ್ಲ. ಬಂದವರು ಗೇಟಿನ ಸದ್ದಾದರೆ ಬೆಂಚಿನ ಕೆಳಗೆ ನುಗ್ಗುತ್ತಿದ್ದರು. ಉಳಿದ ಆಕೃತಿಗಳ ಪಾಠವನ್ನು ಕೋಣೆಯೊಳಗೇ, ಬಾಗಿಲು ಹಾಕಿಕೊಂಡು, ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಮುಗಿಸಿದೆ. ಯಾದಗಿರಿಯ ಹುಡುಗಿಯನ್ನು ಅವಳ ಅಪ್ಪ ಊರಿಗೇ ಕಳಿಸಿಬಿಟ್ಟರು.

ನನ್ನ ಕೈಗೆ ಪ್ಲಾಸ್ಟರು ಇದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಶಾಲೆಗೆ ಬಂದಳು. ನನ್ನದೇ ವಯಸ್ಸು. ಬಾಗಿಲಲ್ಲಿ ನಿಂತು, “ಗೆರೆ ಎಳೆದ ಟೀಚರ್ ನೀವೇನಾ?” ಎಂದಳು.

ಹೌದೆಂದೆ.

“ಅವರು ನಿಮ್ ಹತ್ರ ಮಾತಾಡಿದ್ರಂತೆ. ಏನಂದ್ರು?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲು ಸಿಟ್ಟಿನಲ್ಲಿದ್ದದ್ದು, ವೃತ್ತ ನೋಡಿದ್ದು, ನನ್ನ ಮಾತು ನಂಬಿದ್ದು, ಹೊರಡಲೆಂದು ಜೀಪಿನ ಕಡೆ ತಿರುಗಿದ್ದು.

“ಹೊರಟಿದ್ರಾ?”

“ಹೊರಟಿದ್ರು.”

ಅವಳು ನನ್ನ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. “ಒಂದು ಗಳಿಗೆ ಮುಂಚೆ ಹೇಳಕ್ಕಾಗ್ಲಿಲ್ವಾ ನಿಮಗೆ? ಒಂದೇ ಒಂದು ಗಳಿಗೆ?” ಮುಖ್ಯ ಶಿಕ್ಷಕಿ ಎದ್ದು ಬಂದರು. ಬೇಡ ಎಂದು ಅವರಿಗೆ ಕೈ ಸನ್ನೆ ಮಾಡಿದೆ. ಅವಳು ಮಕ್ಕಳ ಗಿಡ್ಡ ಬೆಂಚಿನ ಮೇಲೆ ಕುಸಿದು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಡುಗೆ ಅಕ್ಕ ನೀರು ತಂದು ಪಕ್ಕದಲ್ಲಿಟ್ಟಳು. ನಾನು ಉರಿಯುವ ಕೆನ್ನೆ ಹಿಡಿದು ಎದುರಿನ ಬೆಂಚಿನಲ್ಲಿ ಕೂತೆ. ಏಟು ತಿಂದದ್ದಕ್ಕೆ ನನಗೆ ಕೋಪ ಬಂದಿರಲಿಲ್ಲ.

ಅಳು ನಿಂತ ಮೇಲೆ ನೀರು ಕುಡಿದಳು. ಏಳುವಾಗ ನನ್ನ ಎಡಗೈಯನ್ನು ಮೊದಲ ಸಲ ನೋಡಿದವಳಂತೆ ನೋಡಿದಳು.

“ಇದೂ ಅವತ್ತೇನಾ?”

“ಹೂಂ.”

“ಯಾರ ಕಡೆಯೋರು ಹೊಡೆದಿದ್ದು? ನಮ್ಮೋರಾ?”

“ನೋಡ್ಲಿಲ್ಲ ರೀ. ಮಗು ಎತ್ಕೊಳ್ತಿದ್ದೆ.”

ಅವಳು ತಲೆಯಾಡಿಸಿ, ಹಿಂದಿನ ಗೇಟಿನ ಕಡೆ ಹೋಗದೆ, ಮುಂದಿನ ಬಾಗಿಲಿನಿಂದ ಮುಖ್ಯರಸ್ತೆಯ ಕಡೆಗೆ ನಡೆದು ಹೋದಳು.