ಬಾಗಿಲಿಗೆ ಇಟ್ಟ ಹಳದಿ ಮರಳು

ಮಗುವಿನ ಬಾಯಲ್ಲಿ ಏನಿದೆ ಎಂದು ದಿನಕ್ಕೆ ಎಷ್ಟು ಸಲ ಬೆರಳು ಹಾಕಿ ನೋಡುತ್ತೇನೋ ನನಗೇ ಗೊತ್ತಿಲ್ಲ. ಹಲ್ಲು ಮೂಡುತ್ತಿರುವ ಕೂಸು, ಸಿಕ್ಕಿದ್ದೆಲ್ಲ ಬಾಯಿಗೇ. ಅವಳಿಗೆ ಎಲ್ಲಕ್ಕಿಂತ ಇಷ್ಟ, ನಡುಮನೆಯ ಬಾಗಿಲು ಬಡಿಯದಂತೆ ಇಟ್ಟಿರುವ ಕ್ಯಾನ್ವಾಸ್ ಚೀಲ. ನೋಡಲು ಚಿಕ್ಕದು, ಎತ್ತಿದರೆ ಕಬ್ಬಿಣದ ಭಾರ. ಒಳಗಿರುವುದು ನನ್ನ ಮಾವ ಕಾರ್ಖಾನೆಯಿಂದ ತಂದ ಹಳದಿ ಮರಳು. ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ.

ಮಾವ ಸಮುದ್ರದ ಮರಳನ್ನು ಬೇರ್ಪಡಿಸುವ ಕಾರ್ಖಾನೆಯಲ್ಲಿ ಅಯಸ್ಕಾಂತದ ಯಂತ್ರ ನಡೆಸಿದವರು. ಕರಿ ಮರಳು ಒಂದು ಕಡೆ, ಹಳದಿ ಮರಳು ಇನ್ನೊಂದು ಕಡೆ. ಇಡೀ ಆಯುಷ್ಯ ಅದೇ. ಅಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ಮ್ಯಾಗ್ನೆಟ್’ ಎಂದೇ. ಅವರ ಜಂಬಕ್ಕೆ ಹೇಳಿ ಮಾಡಿಸಿದ ಹೆಸರು. ನಿವೃತ್ತಿಯ ದಿನ ಊಟದ ಡಬ್ಬಿಯಲ್ಲಿ ಮರಳು ತುಂಬಿಕೊಂಡು ಗೇಟು ದಾಟಿದರು. ಅದನ್ನು ಹೊರಗೆ ಒಯ್ಯುವ ಹಾಗೇ ಇಲ್ಲ. ಅದನ್ನೂ ಅವರೇ ಮೀಸೆ ತಿರುವಿ ಹೇಳುತ್ತಾರೆ.

ಕರೆಂಟು ಹೋದರೆ ಭಾಷಣ ಶುರು.

“ಈ ಮರಳಲ್ಲಿ ಇಡೀ ದೇಶಕ್ಕಾಗೋ ಕರೆಂಟಿದೆ ಕಣಮ್ಮ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ.”

“ಸದ್ಯಕ್ಕೆ ಫ್ಯಾನಿಗಾಗೋಷ್ಟು ಕೊಡಿ ಮಾವ. ಮಗು ಬೆವರ್ತಿದೆ.”

“ತಮಾಷೆ ಬೇಡ. ಇದು ಹಸಿ ಸೌದೆ ಇದ್ದ ಹಾಗೆ, ತಾನಾಗೇ ಹತ್ಕೊಳ್ಳಲ್ಲ. ಅಣುಸ್ಥಾವರದ ಒಲೇಲಿಟ್ರೆ ನಿಧಾನಕ್ಕೆ ಉರಿಯೋ ಇಂಧನ ಆಗುತ್ತೆ.”

“ನೀವು ಕೆಲಸಕ್ಕೆ ಸೇರಿದಾಗಿಂದ ಸೌದೆ ಹಸಿಯಾಗೇ ಇದೆಯಲ್ಲ?”

“ಓದಿದೋರಿಗೆ ತಾಳ್ಮೆ ಇಲ್ಲ.”

ಚೀಲವನ್ನು ಮನೆಯಿಂದ ಆಚೆ ಹಾಕಿ ಎಂದರೆ ಒಂದೇ ಉತ್ತರ: “ಅದರಲ್ಲೇ ಹೊರಳಾಡಿದೋನು ನಾನು. ಗುಂಡುಕಲ್ಲಿನ ಹಾಗಿಲ್ವಾ?” ಗಂಡನಿಗೆ ಹೇಳಿದರೆ, “ಅಪ್ಪನ ಹತ್ರ ಯಾರು ಮಾತಾಡ್ತಾರೆ, ನೀನೇ ಸ್ವಲ್ಪ ಹೊಂದ್ಕೊ” ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ.

ಇವತ್ತು ಬೆಳಿಗ್ಗೆ ಚೀಲದ ಹೊಲಿಗೆ ಬಿಚ್ಚಿತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಮಗುವಿನ ತುಟಿ, ಗಲ್ಲ, ಅಂಗೈ ಎಲ್ಲ ಹಳದಿ. ಮಾವ ಪಕ್ಕದಲ್ಲೇ ಮಂಡಿಯೂರಿದ್ದರು. ಮಗುವನ್ನು ಎತ್ತಿಕೊಳ್ಳಲಿಕ್ಕಲ್ಲ. ನೆಲದ ಮರಳನ್ನು ಬಳಿದು ಬಳಿದು ಚೀಲಕ್ಕೆ ತುಂಬುತ್ತಿದ್ದರು.

“ಮಾವ, ಮಗು!”

“ತಡಿಯಮ್ಮ, ತುಳೀಬೇಡ. ಚೆಲ್ಲಿಹೋಗುತ್ತೆ.”

ನಲ್ಲಿಯ ಕೆಳಗೆ ಅವಳ ಬಾಯಿ ತೊಳೆದೆ. ನಾಲಿಗೆಯ ಮೇಲೆ, ಒಸಡಿನ ಸಂದಿಯಲ್ಲಿ ಕಾಳು ಕಾಳು. ಹೊಟ್ಟೆಗೆ ಎಷ್ಟು ಹೋಯಿತೋ. ಕಿರುಚುತ್ತಿದ್ದವಳನ್ನು ಸೊಂಟಕ್ಕೇರಿಸಿಕೊಂಡು ಗೋಡೆಯ ಮೇಲಿನ ಕಾರ್ಖಾನೆಯ ಕ್ಯಾಲೆಂಡರಿನ ಮುಂದೆ ನಿಂತೆ. ಸುರಕ್ಷತಾ ವಿಭಾಗದ ನಂಬರು ಅದರ ಬುಡದಲ್ಲೇ ಇತ್ತು.

ಮಾವನಿಗೆ ಅರ್ಥವಾಯಿತು. “ಅಲ್ಲಿಗೆ ಬೇಡ. ಬೇಕಾದ್ರೆ ಡಾಕ್ಟರಿಗೆ ಮಾಡು.”

“ಎಷ್ಟು ವಿಷ ತಿಂದಿದೆ ಅಂತ ಡಾಕ್ಟರ್ ಕೇಳ್ತಾರೆ. ಅಳೆಯೋರು ಅಲ್ಲಿರೋರು.”

“ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತೆ. ಕಳ್ಳ ಅಂತಾರಮ್ಮ ನನ್ನ!”

“ಅನ್ನಲಿ.”

ನಂಬರು ಒತ್ತಿದೆ. ಆ ಕಡೆ ಯಾರೋ ಫೋನ್ ಎತ್ತಿದರು, ಯಾರ ಮನೆ ಎಂದು ಕೇಳಿದರು.

“ನಿಮ್ಮಲ್ಲಿ ಮ್ಯಾಗ್ನೆಟ್ ಅಂತಿದ್ರಲ್ಲ, ಅವರ ಸೊಸೆ. ನಿಮ್ಮ ಹಳದಿ ಮರಳು ನಮ್ಮನೇಲಿದೆ. ಮಗು ತಿಂದಿದೆ. ಅಳೆಯೋ ಯಂತ್ರ ತಗೊಂಡು ಈಗಲೇ ಬನ್ನಿ.”