ರಾಜಹಂಸದ ಮೊಕದ್ದಮೆ

1978ರಲ್ಲಿ ನಾನು ಬಳ್ಳಾರಿ ಜಿಲ್ಲೆಯಲ್ಲಿ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದೆ. ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮನೆ ಸತ್ಯನಾರಾಯಣಪೇಟೆಯಲ್ಲಿ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕ ರುದ್ರಗೌಡನ ಮೇಲಿನ ಕೇಸಿನಲ್ಲಿ ಸೋತೆ.

ಹಮಾಲ ಮಾರೆಪ್ಪ ಚೀಲ ಕದ್ದನೆಂದು ಗೌಡ ಅವನ ಬಲಗೈಯನ್ನು ಕಬ್ಬಿಣದ ಸಲಾಕೆಯಿಂದ ಜಜ್ಜಿದ್ದ. ಗಿರಣಿಯ ಅಂಗಳದಲ್ಲಿ, ಹಾಡಹಗಲೇ. ಕದ್ದವನು ಬೇರೆಯವನೆಂದು ಆಮೇಲೆ ತಿಳಿಯಿತು. ಕೈ ಮಾತ್ರ ಮತ್ತೆ ಏಳಲಿಲ್ಲ. ನೋಡಿದವರೆಲ್ಲ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಕಟಕಟೆ ಹತ್ತಿದಾಗ ಒಬ್ಬೊಬ್ಬರೂ “ನಾ ಏನೂ ನೋಡಿಲ್ರಿ” ಎಂದರು. ಕೋರ್ಟಿನ ಭಾಷೆಯಲ್ಲಿ ಇದಕ್ಕೆ ಸಾಕ್ಷಿ ಹಾಸ್ಟೈಲ್ ಆಗುವುದು ಎನ್ನುತ್ತಾರೆ. ಗೌಡ ಖುಲಾಸೆಯಾದ. ವರಾಂಡದಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, “ಬ್ಯಾಸರ ಮಾಡ್ಕೋಬ್ಯಾಡ್ರಿ ವಕೀಲ್ರ, ಮುಂದಿನ ಸಲ ಚಲೋ ಕೇಸ್ ತರ್ರಿ” ಎಂದ. ಮಾರೆಪ್ಪನ ಹೆಂಡತಿ ದುರುಗಮ್ಮ ಅಲ್ಲೇ ನಿಂತು ಕೇಳಿಸಿಕೊಂಡಳು. ಆ ಕೈಯ ಭಾರವನ್ನು ನಾನು ಎಷ್ಟೋ ದಿನ ಹೆಗಲ ಮೇಲೆ ಹೊತ್ತು ತಿರುಗಿದೆ.

ಮಾರ್ಚ್ ಕೊನೆಗೆ ಕುರುಗೋಡಿನ ಕಡೆಯ ಒಂದು ಕೆರೆಗೆ ರಾಜಹಂಸಗಳು ಇಳಿದವು. ಕರಾವಳಿಯ ಉಪ್ಪುನೀರಿನಲ್ಲಿ ಚಳಿಗಾಲ ಕಳೆದು, ಬಿಸಿಲೇರುವಾಗ ಉತ್ತರಕ್ಕೆ ಮರಳುವ ಹಕ್ಕಿಗಳು. ನಮ್ಮ ಸೀಮೆಯಲ್ಲಿ ಕಾಣುವುದೇ ಅಪರೂಪ. ಭಾನುವಾರ ನಾನೂ ಹೋಗಿ ನೋಡಿದೆ. ಕೋಲಿನಂಥ ಕಾಲುಗಳ ಮೇಲೆ ನಿಂತು, ಕೊಕ್ಕನ್ನು ತಲೆಕೆಳಗು ಮಾಡಿ ಕೆಸರು ಸೋಸುತ್ತಿದ್ದವು. ರೆಕ್ಕೆ ಬಿಚ್ಚಿದರೆ ಒಳಗೆಲ್ಲ ಕೆಂಡದ ಬಣ್ಣ. ಕೆರೆ ಏರಿಯ ಮೇಲೆ ಜನವೋ ಜನ. ಅರಣ್ಯ ಇಲಾಖೆಯ ರೇಂಜರ್ ಖಾದರ್ ಸಾಹೇಬರು ಕೂಗಿ ಹೇಳುತ್ತಿದ್ದರು: “ಕಣ್ಣ್ ತುಂಬ ನೋಡ್ರಿ. ಆದ್ರ ಯಾರರ ಹೊಡದ್ರ, ಸೀದಾ ಜೈಲು!”

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಆಗಿನ್ನೂ ಕೆಲವೇ ವರ್ಷ. ಹಕ್ಕಿಗೆ ಜೈಲೇ ಎಂದು ಜನ ನಕ್ಕರು. ಕೈ ಹೋದ ಗಂಡನನ್ನು ಕರೆದುಕೊಂಡು ತವರಿಗೆ ಬಂದು, ಕೆರೆಯ ಕೆಳಗಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ದುರುಗಮ್ಮ ನಗಲಿಲ್ಲ.

ಮರುವಾರ ಗೌಡ ಜೀಪಿನಲ್ಲಿ ಬಂದು ಒಂದನ್ನು ಹೊಡೆದ. ಉಳಿದವು ಒಮ್ಮೆಲೇ ಎದ್ದು ಹಾರಿದವು, ಮತ್ತೆ ಇಳಿಯಲಿಲ್ಲ. ಸತ್ತ ಹಕ್ಕಿಯನ್ನು ಜೀಪಿನ ಮುಂದೆ ಕಟ್ಟಿಕೊಂಡು ಕುರುಗೋಡಿನ ಬಜಾರಿನಲ್ಲಿ ಮೆರೆದು, ಚಹಾ ಕುಡಿಯಲು ನಿಂತ. ಅಷ್ಟರಲ್ಲಿ ದುರುಗಮ್ಮ ಕೆಸರುಗಾಲಲ್ಲೇ ಓಡಿ ರೇಂಜರರನ್ನು ಕರೆತಂದಿದ್ದಳು. ಹಕ್ಕಿ, ಬಂದೂಕು ಎರಡೂ ಜಪ್ತಿಯಾದವು.

ಮರುದಿನ ಬೆಳಿಗ್ಗೆ ಅವಳು ನನ್ನ ಮನೆ ಬಾಗಿಲಲ್ಲಿದ್ದಳು. “ಅವ ಹೊಡದದ್ದು ನಾ ನೋಡೀನ್ರಿ. ಯಾರ್ ಬರಲಿ ಬಿಡ್ಲಿ, ನಾ ಬಂದು ಹೇಳ್ತೀನ್ರಿ.”

“ನೀ ಹೇಳೋದು ಬ್ಯಾಡವ್ವ. ಅವನ ಬಾಯಿಲೇ ಹೇಳಸ್ತೀನಿ,” ಎಂದೆ.

ಗೌಡನ ಗುಣ ನನಗೆ ಗೊತ್ತಾಗಿತ್ತು. ಹೆದರಿದರೆ ಸಾಕ್ಷಿಗಳನ್ನು ಕೊಳ್ಳುತ್ತಾನೆ, ಹೆದರದಿದ್ದರೆ ಬಡಾಯಿ ಕೊಚ್ಚುತ್ತಾನೆ. ಅವನು ಹೆದರದಂತೆ ನೋಡಿಕೊಂಡೆ. ವಿಚಾರಣೆಯ ದಿನ ವಕೀಲನನ್ನೂ ಕರೆತರದೆ ಬಂದು, “ದಂಡ ಎಷ್ಟ್ ಆದೀತ್ರಿ?” ಎಂದು ಕೇಳಿದ. “ಹಕ್ಕಿ ಕೇಸ್ ಅಲ್ಲೇನ್ರಿ ಗೌಡ್ರ, ಅದು ಮ್ಯಾಜಿಸ್ಟ್ರೇಟ್ ಸಾಹೇಬ್ರಿಗೆ ಬಿಟ್ಟದ್ದು” ಎಂದು ನಕ್ಕೆ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ತಪ್ಪು ಒಪ್ಪುತ್ತೀರಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. “ಬಂದೂಕ ನಂದ, ಗುರಿ ನಂದ. ಒಂದ್ ಹಕ್ಕಿಗೆ ಸುಳ್ಳ್ಯಾಕ ಹೇಳ್ಲಿ?” ಎಂದ. ತಿಳಿದು ಹೇಳುತ್ತಿದ್ದೀರಾ ಎಂದು ಅವರು ಇನ್ನೊಮ್ಮೆ ಕೇಳಿದಾಗಲೂ ತಲೆಯಾಡಿಸಿದ.

ಆಗ ನಾನು ಎದ್ದೆ. ದಂಡ ಸಾಲದು, ಸಜೆಯೇ ಆಗಬೇಕೆಂದು ವಾದಿಸಿದೆ. ಮಾರೆಪ್ಪನ ಹೆಸರು ಎತ್ತಲು ಕಾನೂನು ಬಿಡುವುದಿಲ್ಲ. ಎತ್ತದೆಯೇ ಒಂದೊಂದು ಮಾತನ್ನೂ ಅವನಿಗಾಗಿ ಆಡಿದೆ. ನೂರಾರು ಜನರೆದುರು ರೇಂಜರರು ಎಚ್ಚರಿಸಿದ್ದರು, ಆದರೂ ಹೊಡೆದ, ಹೊಡೆದು ಮೆರೆದ; ಕಾನೂನು ತನಗಲ್ಲ ಎಂದುಕೊಂಡವನಿಗೆ ಅದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ ಎಂದೆ. ಎರಡು ತಿಂಗಳ ಸಜೆಯಾಯಿತು. ತಾನೇ ಒಪ್ಪಿಕೊಂಡ ತಪ್ಪಿಗೆ ಅಪೀಲಿನ ದಾರಿಯೂ ಕಿರಿದು. ಗೌಡನ ಮುಖ ಬೂದಿಯಾಗುವುದನ್ನು ಕಣ್ತುಂಬ ನೋಡಿದೆ. ಆ ಸುಖಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ.

ಅವನನ್ನು ಬಳ್ಳಾರಿ ಜೈಲಿಗೆ ಒಯ್ಯುವ ವ್ಯಾನು ಹೊರಟಾಗ ದುರುಗಮ್ಮ ಬೇವಿನ ಮರದ ಕೆಳಗೆ ನಿಂತಿದ್ದಳು. “ಆತವ್ವ, ಲೆಕ್ಕ ತೀರ್ತು” ಎಂದೆ, ಉಬ್ಬಿ.

“ಜೈಲಾಗ ಉಣ್ಣಾಕ ಕೊಡ್ತಾರೇನ್ರಿ?” ಎಂದು ಕೇಳಿದಳು.

“ಕೊಡ್ತಾರ.”

ವ್ಯಾನು ಮರೆಯಾಗುವವರೆಗೂ ನೋಡಿ, “ಬಲಗೈಲೇ ಉಣ್ತಾನಲ್ರಿ ಅವ” ಎಂದಳು.

ಮುಂದೆ ಎಷ್ಟೋ ಜನರನ್ನು ಜೈಲಿಗೆ ಕಳಿಸಿದೆ. ಲೆಕ್ಕ ತೀರಿತೆಂದು ಮಾತ್ರ ಯಾವ ಫಿರ್ಯಾದಿಗೂ ನಾನು ಮತ್ತೆ ಹೇಳಲಿಲ್ಲ. ಅದನ್ನು ಹೇಳಬೇಕಾದವರು ಅವರು.